ಮೂವತ್ತೆಂಟರಲ್ಲಿ ನಿಂತ ಎಣಿಕೆ

ಗಡಿಯಾರವನ್ನೂ ಹಾಜರಿ ಪುಸ್ತಕವನ್ನೂ ನಂಬಿ ಬದುಕಿದವಳು ನಾನು. ದೆವ್ವ, ಗಾಳಿ, ಶಕುನ, ಹಲ್ಲಿ ನುಡಿಯುವುದು ಇವೆಲ್ಲ ಕೆಲಸವಿಲ್ಲದವರು ಕಟ್ಟಿಕೊಂಡ ಕೆಲಸ ಎಂದೇ ತಿಳಿದಿದ್ದೆ. ಯಾರಾದರೂ ಅಂಥ ಸಂಗತಿ ಹೇಳಲು ಶುರುಮಾಡಿದರೆ ಮೂರು ಪ್ರಶ್ನೆ ಕೇಳುತ್ತಿದ್ದೆ: ಎಷ್ಟು ಗಂಟೆಗೆ ನಡೆಯಿತು, ಜೊತೆಗೆ ಯಾರಿದ್ದರು, ಹೊಟ್ಟೆಗೆ ಏನಾದರೂ ತಿಂದಿದ್ದಿರಾ. ಮೂರನೆಯ ಪ್ರಶ್ನೆ ಮುಗಿಯುವಷ್ಟರಲ್ಲಿ ಹೇಳುವವರ ಉತ್ಸಾಹ ಇಳಿದುಹೋಗುತ್ತಿತ್ತು. ಹಾಗಾಗಿ ನನ್ನದನ್ನು ಹೇಳುವ ಮುಂಚೆ ಅದೇ ಮೂರಕ್ಕೂ ಉತ್ತರ ಕೊಟ್ಟುಬಿಡುತ್ತೇನೆ. ಶನಿವಾರ ಬೆಳಗಿನ ಹನ್ನೊಂದೂ ಮುಕ್ಕಾಲು. ಜೊತೆಗೆ ಯಾರೂ ಇರಲಿಲ್ಲ. ಏಳು ಗಂಟೆಗೆ ಎರಡು ರೊಟ್ಟಿ, ಪುಂಡಿಪಲ್ಯ ತಿಂದಿದ್ದೆ.

ನನ್ನ ತಂದೆ ಹಗರಿಬೊಮ್ಮನಹಳ್ಳಿ ರೈಲು ನಿಲ್ದಾಣದಲ್ಲಿ ಕೆಲಸಕ್ಕಿದ್ದರು. ನಮ್ಮ ಮನೆಯಲ್ಲಿ ಹಾಲು ಕಾಯುತ್ತಿದ್ದುದು, ದೀಪ ಹಚ್ಚುತ್ತಿದ್ದುದು, ಅಕ್ಷರ ತಿದ್ದುತ್ತಿದ್ದುದು ಎಲ್ಲ ಗಾಡಿಯ ವೇಳೆಗೆ. ಗಾಡಿ ತಡವಾದರೆ ಊಟವೂ ತಡ. ಅಪ್ಪನ ಒಂದು ಮಾತು ನನಗೆ ಬಾಯಿಪಾಠವಾಗಿತ್ತು. "ಎಂಜಿನ್ ಬಂತು ಅಂದ್ರ ಗಾಡಿ ಬಂದಂಗಲ್ಲವ್ವ. ಕೊನೀ ಡಬ್ಬಿ ಕಣ್ಣಿಲೆ ನೋಡಿದ ಮ್ಯಾಲ ಬಂತು ಅನ್ನಬೇಕು" ಎನ್ನುತ್ತಿದ್ದರು. ಮುಂದೆ ನಾನು ಶಾಲೆಯ ಶಿಕ್ಷಕಿಯಾದಾಗ ಈ ಮಾತನ್ನೇ ನಿಯಮ ಮಾಡಿಕೊಂಡೆ. ಮಕ್ಕಳು ಒಳಗೆ ಬಂದಾಗ ಎಷ್ಟೋ, ಹೊರಗೆ ಹೋಗುವಾಗಲೂ ಅಷ್ಟೇ ಇರಬೇಕು. ಕೊನೆಯ ಮಗು ಹೊಸ್ತಿಲು ದಾಟುವವರೆಗೆ ಶಾಲೆ ಬಿಟ್ಟಂತಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ವರ್ಷಗಳಲ್ಲಿ ನನಗೆ ಕೊಟ್ಟೂರಿಗೆ ವರ್ಗವಾಯಿತು. ಆಗ ಊರಿನ ಹಳೆ ಪೇಟೆ ವಿಚಿತ್ರವಾಗಿ ಕಾಣುತ್ತಿತ್ತು. ಕಾಳುಕಡಿ ವ್ಯಾಪಾರವೆಲ್ಲ ಊರಹೊರಗಿನ ಹೊಸ ಮಾರುಕಟ್ಟೆ ಯಾರ್ಡಿಗೆ ಹೋಗಿತ್ತು. ಒಂದು ಕಾಲಕ್ಕೆ ಚಕ್ಕಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದ ಬೀದಿಯಲ್ಲಿ ಎತ್ತರದ ಬಾಗಿಲುಗಳ ದಲಾಲಿ ಅಂಗಡಿಗಳು ಬೀಗ ಹಾಕಿಕೊಂಡು ನಿಂತಿದ್ದವು. ಬರಬರುತ್ತ ಒಂದೊಂದಕ್ಕೂ ಹೊಸ ಕೆಲಸ ಸಿಕ್ಕಿತು. ಒಂದರಲ್ಲಿ ಹೊಲಿಗೆ ತರಗತಿ, ಒಂದರಲ್ಲಿ ಗೊಬ್ಬರದ ದಾಸ್ತಾನು, ಮತ್ತೊಂದರಲ್ಲಿ ಸೈಕಲ್ ರಿಪೇರಿ. ನಮ್ಮ ಶಾಲೆಯ ಮಾಳಿಗೆ ಸೋರತೊಡಗಿ ಒಂದು ತೊಲೆ ಬಾಗಿದಾಗ, ಎರಡನೆಯ ಮತ್ತು ಮೂರನೆಯ ತರಗತಿಗಳನ್ನು ಅಂಥದೇ ಒಂದು ಖಾಲಿ ಅಂಗಡಿಗೆ ಕಳಿಸುವುದೆಂದಾಯಿತು. ಎರಡೂ ತರಗತಿಗೆ ಒಬ್ಬಳೇ ಶಿಕ್ಷಕಿ, ನಾನು.

ಮೊದಲ ದಿನ ಒಳಗೆ ಕಾಲಿಟ್ಟಾಗ, ನಿಜ ಹೇಳುತ್ತೇನೆ, ಧ್ವನಿ ತಗ್ಗಿಸಬೇಕು ಅನ್ನಿಸಿತು. ಚೀಲದ ಮೇಲೆ ಚೀಲ ಒಟ್ಟಲೆಂದು ಕಟ್ಟಿದ್ದ ಕಟ್ಟಡ ಅದು. ಗೋಡೆಗಳು ಎರಡಾಳೆತ್ತರ ಹೋಗಿ ಆಮೇಲೆ ಕಿಟಕಿ. ಬೆಳಕು ಮೇಲಿನಿಂದ ಓರೆಯಾಗಿ ಇಳಿದು ಚಪ್ಪಡಿ ಕಲ್ಲಿನ ನೆಲದ ಮೇಲೆ ಹರಡುತ್ತಿತ್ತು. ಶೇಂಗಾದ ಜಿಡ್ಡು ವಾಸನೆ ಗೋಡೆಗೇ ಇಳಿದಿತ್ತು. ಸುಣ್ಣ ಬಳಿಸಿದರೂ ಹೋಗಲಿಲ್ಲ. ನಡುವೆ ಒಂದು ಚಪ್ಪಡಿ ಮಾತ್ರ ಉಳಿದವುಗಳಿಗಿಂತ ನುಣುಪಾಗಿ, ತುಸು ತಗ್ಗಾಗಿತ್ತು. ಯಾರೋ ವರ್ಷಗಟ್ಟಲೆ ಅದರ ಮೇಲೆಯೇ ಕೂತು ಸವೆಸಿದ ಹಾಗೆ. ಬೆಳಕು ಅಲ್ಲಿ ಚೆನ್ನಾಗಿ ಬೀಳುತ್ತಿದ್ದುದರಿಂದ ನನ್ನ ಕುರ್ಚಿಯನ್ನು ಅದರ ಮೇಲೆಯೇ ಹಾಕಿಸಿದೆ.

ಎಲ್ಲವನ್ನೂ ಕ್ರಮದಲ್ಲಿಟ್ಟೆ. ಎರಡನೆಯ ತರಗತಿ ಎಡಕ್ಕೆ, ಮೂರನೆಯದು ಬಲಕ್ಕೆ. ಹಿಂದಿನ ಸಣ್ಣ ಕೋಣೆಯಲ್ಲಿ ಕಸಬರಿಗೆ ಮತ್ತು ನೀರಿನ ಕೊಡ. ಆ ಕೋಣೆಯ ಮೂಲೆಯಲ್ಲಿ ಹಳೆಯ ಗೋಣಿಗಳ ರಾಶಿ ಇತ್ತು. ಅದನ್ನು ತೆಗೆಸಲು ಎರಡು ಸಲ ಚೀಟಿ ಬರೆದೆ. ಯಾರೂ ಬರಲಿಲ್ಲ. ಕಟ್ಟಡ ಪರಿಶೀಲಿಸಲು ಬಂದಿದ್ದ ಓವರ್‌ಸಿಯರ್ ಉದ್ದ ಅಗಲ ಅಳೆದು, "ನೆಲ ಚಪ್ಪಡಿ ಕಲ್ಲು, ಸುಸ್ಥಿತಿ" ಎಂದು ಬರೆದುಕೊಟ್ಟಿದ್ದ. ನಾನು ಅದಕ್ಕೆ ಸಹಿ ಮಾಡಿದ್ದೆ.

ಇನ್ನು ಎಣಿಕೆಯ ವಿಷಯ. ದೊಡ್ಡ ಬಾಗಿಲಲ್ಲಿ ಒಬ್ಬರೇ ಬಗ್ಗಿ ಹೋಗುವಷ್ಟು ಒಂದು ದಿಡ್ಡಿ ಬಾಗಿಲಿತ್ತು. ಶಾಲೆ ಬಿಡುವಾಗ ಮಕ್ಕಳು ಸಾಲಾಗಿ ಆ ದಿಡ್ಡಿಯಲ್ಲಿ ಹೊರಗೆ ಹೋಗಬೇಕು. ಒಬ್ಬೊಬ್ಬರೂ ದಾಟುವಾಗ ತಮ್ಮ ಅಂಕಿ ಕೂಗಬೇಕು: ಒಂದು, ಎರಡು, ಮೂರು. ಕೊನೆಯ ಅಂಕಿ ಹಾಜರಿಯ ಅಂಕಿಗೆ ಸರಿಹೊಂದಿದರೆ ನಾನು ಪುಸ್ತಕ ಮುಚ್ಚುತ್ತಿದ್ದೆ. ಮಕ್ಕಳಿಗೆ ಎಣಿಕೆಯೂ ಬರುತ್ತದೆ, ನನ್ನ ಮನಸ್ಸಿಗೂ ಸಮಾಧಾನ.

ಸಾಲಿನಲ್ಲಿ ಮೊದಲು ನಿಲ್ಲುತ್ತಿದ್ದವಳು ನೀಲಮ್ಮ ಎಂಬ ಎರಡನೆಯ ತರಗತಿಯ ಹುಡುಗಿ. ಎಲ್ಲರಿಗಿಂತ ಗಿಡ್ಡ, ಆದ್ದರಿಂದ ಮೊದಲು. ಇವಳು "ಒಂದು" ಎನ್ನುತ್ತಿರಲಿಲ್ಲ. "ಲಾಭ" ಎನ್ನುತ್ತಿದ್ದಳು. ಎರಡನೆಯವಳು "ಎರಡು" ಎಂದು ಮುಂದುವರಿಸುತ್ತಿದ್ದಳು. ಒಂದು ವಾರ ತಿದ್ದಿದೆ. ಗದರಿದೆ. ಹುಡುಗಿ ತಲೆಯಾಡಿಸಿ ಮಾರನೆಯ ದಿನ ಮತ್ತೆ "ಲಾಭ" ಎನ್ನುವಳು. ಕೊನೆಗೆ ಮನೆಯವರನ್ನು ಕರೆಸಿದೆ. ಅವಳ ಅಜ್ಜ ಬಂದ.

ಆತನ ಹೆಸರು ಈರಪ್ಪ. ಊರವರು ಅಳತಿ ಈರಪ್ಪ ಎನ್ನುತ್ತಿದ್ದರು. ಇದೇ ಅಂಗಡಿಯಲ್ಲಿ ಸೇರಿನಿಂದ ಕಾಳು ಅಳೆಯುವ ಕೆಲಸ ಮಾಡಿದ್ದವನು. ನಾನು ಊರಿಗೆ ಬರುವ ಮುಂಚೆಯೇ ಅಂಗಡಿ ಮುಚ್ಚಿತ್ತು. ಹೊಸ ಯಾರ್ಡಿನಲ್ಲಿ ಎಲ್ಲ ತೂಕದ ಕಾಟಾ, ಅಳೆಯುವವನಿಗೆ ಕೆಲಸವಿಲ್ಲ. ರುಮಾಲು ಸರಿಮಾಡಿಕೊಂಡು ಒಳಗೆ ಬಂದವನು ನನ್ನ ಕುರ್ಚಿಯ ಕಾಲುಗಳನ್ನು ನೋಡಿ ನಕ್ಕ.

"ಅಲ್ಲೇ ಕುಂತೀರಿ ಬಿಡ್ರಿ. ನಮ್ಮಪ್ಪ ಕುಂತ ಜಾಗ, ಆಮ್ಯಾಲ ನಾ ಕುಂತ ಜಾಗ. ಈಗ ಅಕ್ಕೋರು."

"ಅದಿರಲಿ ಈರಪ್ಪ. ನಿನ್ನ ಮೊಮ್ಮಗಳಿಗೆ ಒಂದು ಅನ್ನಾಕ ಬರೂದಿಲ್ಲೇನು?"

"ಬರ್ತೈತ್ರಿ. ಆದ್ರ ನಮ್ಮನ್ಯಾಗ ಮೊದಲ್ನೇದಕ್ಕ ಒಂದು ಅನ್ನಂಗಿಲ್ರಿ. ಒಂದು ಅಂದ್ರ ಒಂಟಿ ಆತದು. ಲಾಭ ಅಂದ್ರ ರಾಶಿ ಬೆಳಿತೈತಿ."

"ನನ್ನ ಕ್ಲಾಸಿನಾಗ ರಾಶಿ ಬೆಳೆಯೂದು ಬ್ಯಾಡಪ್ಪ. ಇರೋ ನಲವತ್ತಾರೇ ಸಾಕಾಗ್ಯಾವ."

ಅವನು ಮತ್ತೂ ನಕ್ಕ. ಆಮೇಲೆ ತನ್ನ ಕಸುಬಿನ ಪಾಠ ಹೇಳಿದ. ಅಳೆಯುವವನು ಅಂಕಿಯನ್ನು ಒಮ್ಮೆ ಹೇಳಿ ಸುಮ್ಮನಾಗುವುದಿಲ್ಲವಂತೆ. ಮೊದಲ ಸೇರು ಚೀಲಕ್ಕೆ ಬಿದ್ದಾಗ "ಲಾಭ" ಎಂದು ಶುರುಮಾಡಿದರೆ, ಎರಡನೆಯ ಸೇರು ತುಂಬಿ ಚೀಲಕ್ಕೆ ಬೀಳುವವರೆಗೆ ಲಾಭ, ಲಾಭ, ಲಾಭ ಎಂದು ರಾಗವಾಗಿ ಅದನ್ನೇ ಹಿಡಿದಿರಬೇಕು. ಎರಡನೆಯದು ಬಿದ್ದ ಮೇಲೆ ಎರಡು, ಎರಡು, ಎರಡು.

"ಮುಂದಿನ ಸೇರು ಬೀಳೂತನಕ ಹಿಂದಿನ ಅಂಕಿ ಬಿಡಬಾರದ್ರಿ ಅಕ್ಕೋರ. ಬಿಟ್ಟಾತ ಕೆಟ್ಟ. ನಡುವ ಯಾರರ ಮಾತಾಡಿಸಿದ್ರ ಎಣಿಕಿ ತಪ್ಪತೈತಿ."

ಹೋಗುವಾಗ ಅವನು ಹಿಂದಿನ ಕೋಣೆಯ ಕಡೆ ನೋಡಿ, "ಹಿಂದಿನ ಕ್ವಾಣ್ಯಾಗ..." ಎಂದು ಏನೋ ತೆಗೆದ. ಅಷ್ಟರಲ್ಲಿ ಗಂಟೆ ಹೊಡೆಯುವ ವೇಳೆಯಾಗಿತ್ತು. "ನಾಳೆ ಹೇಳುವೆಯಂತೆ" ಎಂದೆ. ಅವನು ಕೈಮುಗಿದು ಹೋದ. ಮರುದಿನ ಅವನೂ ಬರಲಿಲ್ಲ, ನಾನೂ ಕೇಳಲಿಲ್ಲ. ಅರ್ಧ ನಿಮಿಷ ತಡವಾಗಿ ಗಂಟೆ ಹೊಡೆದಿದ್ದರೆ ಯಾವ ನಷ್ಟವೂ ಆಗುತ್ತಿರಲಿಲ್ಲ ಎಂಬುದು ಈಗ ಗೊತ್ತು.

ಆ ಶನಿವಾರ ಮೂವತ್ತೊಂಬತ್ತು ಮಕ್ಕಳು ಬಂದಿದ್ದರು. ಶನಿವಾರ ಬೆಳಗಿನ ಶಾಲೆ, ಹನ್ನೊಂದೂವರೆಗೆ ಬಿಡುವುದು. ಕೊನೆಯ ಅವಧಿಯಲ್ಲಿ ಸ್ಲೇಟು ತೊಳೆಯುವುದು, ಕಸ ಗುಡಿಸುವುದು. ನನ್ನ ಇನ್ನೊಂದು ನಿಯಮವನ್ನೂ ಇಲ್ಲಿ ಹೇಳಬೇಕು. ಬಳಪವಿಲ್ಲದೆ ಬಂದವರು ಮೊದಲ ಅವಧಿಯೆಲ್ಲ ಬಾಗಿಲ ಹೊರಗೆ ನಿಲ್ಲಬೇಕು. ಆ ವಾರ ಎರಡು ದಿನ ಹಾಗೆ ನಿಂತವಳು ಹುಲಿಗೆಮ್ಮ, ಮೂರನೆಯ ತರಗತಿಯವಳು. ಅವಳ ತಾಯಿ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಿದ್ದಳು. ನಸುಕಿನಲ್ಲಿ ಹೋದರೆ ಬರುತ್ತಿದ್ದುದು ಸಂಜೆಗೆ. ಶುಕ್ರವಾರ ಅವಳಿಗೆ ಹೇಗೋ ಒಂದು ಹೊಸ ಬಳಪ ಸಿಕ್ಕಿತ್ತು. ಅದನ್ನು ಕೈಬಿಡದೆ ಹಿಡಿದುಕೊಂಡು ಓಡಾಡುತ್ತಿದ್ದಳು. ಆ ದಿನ ಕಸಬರಿಗೆ ಇಡುವ ಪಾಳಿ ಅವಳದಾಗಿತ್ತು.

ಗಂಟೆ ಹೊಡೆದೆ. ಸಾಲು ನಿಂತಿತು. ನೀಲಮ್ಮ ದಿಡ್ಡಿಯ ಹತ್ತಿರ ಬಂದು, "ಲಾಭ" ಎಂದಳು. ನಾನು ರೂಲುದೊಣ್ಣೆಯಿಂದ ಮೇಜಿನ ಮೇಲೆ ಹೊಡೆದೆ. "ಏನದು?" ಹುಡುಗಿ ನಡುಗಿ, "ಒಂದು" ಎಂದಳು. ಅವಳ ಕಣ್ಣಲ್ಲಿ ನೀರು ಬಂತು. ನಾನು ಅದನ್ನು ನೋಡುತ್ತ, ಇಷ್ಟು ಗಟ್ಟಿಯಾಗಿ ಹೊಡೆಯಬಾರದಿತ್ತು ಅಂದುಕೊಳ್ಳುತ್ತಿದ್ದೆ. ಸಾಲು ಮುಂದುವರಿಯಿತು. ಕೊನೆಯವನು "ಮೂವತ್ತೊಂಬತ್ತು" ಎಂದು ಕೂಗಿ ಬಗ್ಗಿ ಹೊರಟುಹೋದ. ಹಾಜರಿ ಮೂವತ್ತೊಂಬತ್ತು, ಎಣಿಕೆ ಮೂವತ್ತೊಂಬತ್ತು. ಪುಸ್ತಕ ಮುಚ್ಚಿದೆ.

ಆಮೇಲಿನ ಹದಿನೈದು ನಿಮಿಷ ಪ್ರತಿ ಶನಿವಾರದಂತೆಯೇ. ಕಿಟಕಿಯ ಹಗ್ಗ ಎಳೆದು ಕಟ್ಟಿದೆ. ಬೋರ್ಡು ಒರೆಸಿ ಸೋಮವಾರದ ಪಾಠದ ಹೆಸರು ಬರೆದೆ. ಛತ್ರಿ ತೆಗೆದುಕೊಂಡು ದಿಡ್ಡಿಯಲ್ಲಿ ಬಗ್ಗಿ ಹೊರಬಂದು ಬಾಗಿಲೆಳೆದು ಚಿಲಕಕ್ಕೆ ಬೀಗ ತೊಡಿಸಿದೆ. ಆ ಬೀಗ ಇನ್ನು ತೆರೆಯುವುದು ಸೋಮವಾರ. ಬೀದಿಯಲ್ಲಿ ಬಿಸಿಲು ನೆಟ್ಟಗೆ ನಿಂತಿತ್ತು. ಎದುರಿನ ಗೊಬ್ಬರದ ಅಂಗಡಿಯ ಮುಂದೆ ಒಂದು ನಾಯಿ ಮಲಗಿತ್ತು. ಬೇರೆ ಯಾರೂ ಇರಲಿಲ್ಲ.

ಕೀಲಿ ತಿರುಗಿಸಬೇಕು ಎನ್ನುವಾಗ ಒಳಗಿನಿಂದ ದನಿ ಕೇಳಿಸಿತು.

"ಮೂವತ್ತೆಂಟೂ..."

ಗಂಡಸಿನ ದನಿ. ಮೊದಲಿಗೆ ನನಗೆ ಬಂದದ್ದು ಸಿಟ್ಟು. ಯಾರೋ ನನ್ನ ಕಣ್ಣು ತಪ್ಪಿಸಿ ಒಳಗೆ ಸೇರಿದ್ದಾರೆ ಎಂದುಕೊಂಡೆ. ಮತ್ತೆ ಕೇಳಿತು. "ಮೂವತ್ತೆಂಟೂ..." ಕಿವಿಯನ್ನು ಬಾಗಿಲಿಗೆ ಹಚ್ಚಿದೆ. ಅದು ಕರೆಯುವ ದನಿಯಲ್ಲ, ಹೆದರಿಸುವ ದನಿಯೂ ಅಲ್ಲ. ಬೆನ್ನು ಬಗ್ಗಿಸಿ ದುಡಿಯುವವನು ಕೆಲಸದ ಮೇಲೆ ಗಮನವಿಟ್ಟು ತನ್ನಷ್ಟಕ್ಕೆ ಆಡುವ ದನಿ. ಕೊನೆಯ ಅಕ್ಷರವನ್ನು ಮೇಲಕ್ಕೆ ಎಳೆದು, ಅಲ್ಲಿ ಒಂದು ಚಣ ನಿಲ್ಲಿಸಿ, ಆಮೇಲೆ ಮೆಲ್ಲಗೆ ಕೆಳಗಿಡುತ್ತಿತ್ತು. ಹಾಗೆ ಇಟ್ಟ ಮೇಲೆ ಒಂದು ಸಣ್ಣ ಸದ್ದು, ಬೆರಳಿನಿಂದ ತಗಡಿನ ಅಂಚನ್ನು ತಟ್ಟಿದ ಹಾಗೆ. ಎರಡು ಕೂಗಿನ ನಡುವೆ ಒಂದು ಸೇರು ತುಂಬುವಷ್ಟು ಬಿಡುವು.

ನಾನು ಮೂವತ್ತೊಂಬತ್ತಕ್ಕಾಗಿ ಕಾದೆ. ಏಕೆ ಕಾದೆ ಎಂದು ಕೇಳಬೇಡಿ. ಎಣಿಸುವುದನ್ನು ಕೇಳಿದರೆ ಮುಂದಿನ ಅಂಕಿಗೆ ಕಾಯುವುದು ನನ್ನ ರಕ್ತದಲ್ಲೇ ಇದೆ. ಏಳು ಸಲ ಕೇಳಿತು. ಏಳು ಸಲವೂ ಮೂವತ್ತೆಂಟೇ. ಮುಂದಿನ ಸೇರು ಬೀಳಲಿಲ್ಲ.

ಮುಂದಿನ ಸೇರು ಬೀಳುವವರೆಗೆ ಹಿಂದಿನ ಅಂಕಿ ಬಿಡಬಾರದು. ಈರಪ್ಪನ ಮಾತು ಆಗ ನೆನಪಾಯಿತು. ಕೈಯಲ್ಲಿದ್ದ ಬೀಗ ಆ ಬಿಸಿಲಲ್ಲೂ ತಣ್ಣಗಾಯಿತು. ನನ್ನ ಪುಸ್ತಕದಲ್ಲಿ ಮೂವತ್ತೊಂಬತ್ತಿತ್ತು. ಒಳಗಿನವನ ಲೆಕ್ಕದಲ್ಲಿ ಮೂವತ್ತೆಂಟು.

ಬೀಗ ಅಲ್ಲೇ ಬಿಸಾಡಿ ಒಳಗೆ ಹೋದೆ. ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳು. ಆದರೆ ಅದು ಓಡಿಹೋಗುವಂಥ ಹೆದರಿಕೆಯಲ್ಲ. ಚಪ್ಪಲಿ ಬಿಟ್ಟು ಬರಬೇಕಿತ್ತೇನೋ ಎಂಬಂಥದು. ದೊಡ್ಡ ಕೋಣೆ ಖಾಲಿ. ಮುಚ್ಚಿದ ಕಿಟಕಿಗಳ ಸಂದಿನಿಂದ ಬೆಳಕಿನ ಗೆರೆಗಳು ಇಳಿದಿದ್ದವು. ನನ್ನ ಕುರ್ಚಿ ಆ ನುಣುಪು ಕಲ್ಲಿನ ಮೇಲೆ ಖಾಲಿಯಾಗಿತ್ತು. ಬಾಗಿಲಾಚೆ ಕೇಳಿದ್ದಕ್ಕಿಂತ ದನಿ ಈಗ ಹತ್ತಿರವೂ ಇರಲಿಲ್ಲ, ದೂರವೂ ಇರಲಿಲ್ಲ. ನಾನು ಹಿಂದಿನ ಕೋಣೆಯ ಕಡೆ ನಡೆದೆ. ಅದರ ಬಾಗಿಲ ಮೇಲೆ ಕೈಯಿಟ್ಟಾಗ ಇನ್ನೊಂದು ಸಲ "ಮೂವತ್ತೆಂಟೂ" ಎಂದಿತು. ನೂಕಿದೆ. ದನಿ ನಿಂತಿತು.

ಮೂಲೆಯ ಗೋಣಿರಾಶಿ ಒಂದು ಕಡೆ ಜಾರಿತ್ತು. ಅದರಡಿ ಒಂದು ಒಡೆದ ಚಪ್ಪಡಿ, ಪಕ್ಕಕ್ಕೆ ಸರಿದ ಮರದ ಹಲಗೆ, ನಡುವೆ ಕಪ್ಪಗಿನ ಬಾಯಿ. ಹಗೇವು. ನಮ್ಮ ಕಡೆ ಜೋಳ ಕೂಡಿಡಲು ನೆಲದೊಳಗೆ ಗಡಿಗೆಯ ಆಕಾರದಲ್ಲಿ ತೋಡುವ ಕಣಜ. ಹೊಲಗಳ ಬಳಿ, ಹಳ್ಳಿಯ ಮನೆಗಳ ಮುಂದೆ ನೋಡಿದ್ದೆ. ಪೇಟೆಯ ನಡುವಿನ ಅಂಗಡಿಯೊಳಗೆ, ನನ್ನ ಕಸಬರಿಗೆ ಕೋಣೆಯಲ್ಲಿ, ಒಂದಿದೆ ಎಂದು ಯಾವ ಕಾಗದವೂ ಹೇಳಿರಲಿಲ್ಲ. ಬಗ್ಗಿ ನೋಡಿದೆ. ಅರ್ಧದವರೆಗೆ ಕಲ್ಲುಮಣ್ಣು ಸುರಿದು ಬಿಟ್ಟಿದ್ದರು. ಆ ಗುಡ್ಡೆಯ ಮೇಲೆ, ಒಂದಾಳು ಆಳದಲ್ಲಿ, ಕೆಂಪು ರಿಬ್ಬನ್ನಿನ ಜಡೆ. ಹುಲಿಗೆಮ್ಮ. ಕರೆದರೆ ಅಲುಗಲಿಲ್ಲ.

ಸೀರೆ ಎತ್ತಿ ಕಟ್ಟಿಕೊಂಡು ಒಂದು ಕಾಲು ಒಳಗಿಟ್ಟೆ.

"ಇಳೀಬ್ಯಾಡ್ರಿ ಅಕ್ಕೋರ! ಇಬ್ಬರೂ ಸಾಯ್ತೀರಿ!"

ಈರಪ್ಪ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಿದ್ದ. ಅವನು ಬಂದ ಕಾರಣ ಆಮೇಲೆ ತಿಳಿಯಿತು. ನೀಲಮ್ಮ ಅಳುತ್ತ ಮನೆಗೆ ಹೋಗಿ, "ನಾ ಲಾಭ ಅಂದೆ, ಅಕ್ಕೋರು ಬೈದರು, ಒಂದು ಅಂದೆ, ನನ್ನ ಹಿಂದಿನಾಕಿ ಮೂರು ಅಂದಳು" ಎಂದಿದ್ದಳು. ಜೀವಮಾನವೆಲ್ಲ ಎಣಿಸಿದವನಿಗೆ ಅಷ್ಟು ಸಾಕು. ಲಾಭಕ್ಕೊಂದು, ಒಂದಕ್ಕೊಂದು, ಒಬ್ಬಳೇ ಹುಡುಗಿ ಎರಡು ಸಲ ಎಣಿಕೆಗೆ ಬಿದ್ದಿದ್ದಳು. "ಅಕ್ಕೋರ ಎಣಿಕಿ ತಪ್ಪೈತಿ, ಹೇಳಿ ಬರ್ತೀನಿ" ಎಂದು ಬಂದವನು ತೆರೆದ ದಿಡ್ಡಿ, ಬಿದ್ದ ಬೀಗ ನೋಡಿ ಒಳಗೆ ಓಡಿದ್ದ.

ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ. ದೀಪ ಇಳಿಸಿ ನೋಡಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಇದು ನನಗೂ ಗೊತ್ತಿತ್ತು, ಆ ಗಳಿಗೆಯಲ್ಲಿ ಮರೆತಿತ್ತು. ಈರಪ್ಪ ಒಂದು ಗೋಣಿಯನ್ನು ಕೊಡದ ನೀರಲ್ಲಿ ಅದ್ದಿ ಹಗೇವಿನ ಬಾಯಲ್ಲಿ ನಾಲ್ಕೈದು ಸಲ ಬೀಸಿದ. ಆಮೇಲೆ ನೆಲದ ಮೇಲೆ ಬೋರಲು ಮಲಗಿದ.

"ದೀಪ ಹುಡುಕೂ ಹೊತ್ತಲ್ರಿ. ನನ್ನ ಕಾಲು ಹಿಡೀರಿ. ನಾ ಉಸುರು ಹಿಡದ ಮ್ಯಾಲ ಹತ್ತು ಎಣಸ್ರಿ. ಹತ್ತಕ್ಕ ಎಳೀರಿ, ಕೂಸು ಸಿಗಲಿ ಬಿಡಲಿ."

ಸೊಂಟದವರೆಗೆ ಒಳಗೆ ಜಾರಿದ. ನಾನು ಅವನ ಎರಡೂ ಕಾಲುಗಳನ್ನು ಎದೆಗೆ ಅವುಚಿಕೊಂಡು ಎಣಿಸತೊಡಗಿದೆ. ನನ್ನ ಬಾಯಿಂದ ಬಂದದ್ದನ್ನು ನಾನೇ ಕೇಳಿದೆ.

"ಲಾಭ, ಎರಡು, ಮೂರು..."

ಒಂಬತ್ತಕ್ಕೆ ಅವನ ಮೈ ಬಿಗಿಯಿತು. ಹತ್ತಕ್ಕೆ ನಾನು ಎಳೆದ ಹಾಗೆ ಜೀವನದಲ್ಲಿ ಏನನ್ನೂ ಎಳೆದಿಲ್ಲ. ಅವನ ಕೈಯಲ್ಲಿ ಹುಡುಗಿಯ ತೋಳಿತ್ತು. ದೊಡ್ಡ ಕೋಣೆಗೆ ಹೊತ್ತು ತಂದು, ದೊಡ್ಡ ಬಾಗಿಲ ಅಗುಳಿ ತೆಗೆದು ಎರಡೂ ಕದ ಪೂರ್ತಿ ತೆರೆದೆವು. ಮುಖಕ್ಕೆ ನೀರು ಹಾಕಿದೆ. ಅವಳ ತುಟಿ ಬಣ್ಣಗೆಟ್ಟಿತ್ತು. ಈರಪ್ಪ ಬೆನ್ನು ತಿಕ್ಕುತ್ತಿದ್ದ. ಎಷ್ಟು ಹೊತ್ತು ಎಂದು ಹೇಳಲಾರೆ. ಗಡಿಯಾರ ಎದುರಿಗೇ ಇತ್ತು, ನಾನು ನೋಡಲಿಲ್ಲ. ಕೊನೆಗೆ ಹುಡುಗಿ ಕೆಮ್ಮಿದಳು. ಮತ್ತೆ ಕೆಮ್ಮಿದಳು. ಕಣ್ಣು ತೆರೆದು ನನ್ನನ್ನು ನೋಡಿ ಬೆಚ್ಚಿ, ಮುಚ್ಚಿದ್ದ ಬಲಗೈಯನ್ನು ಮುಂದೆ ಚಾಚಿದಳು.

"ಬಳಪ ಸಿಕ್ತ್ರಿ ಅಕ್ಕೋರ. ಸೋಮವಾರ ಹೊರಗ ನಿಂದ್ರಸಬ್ಯಾಡ್ರಿ."

ಕಸಬರಿಗೆ ಇಡುವಾಗ ಕೈಜಾರಿದ ಬಳಪ ಹಲಗೆಯ ಸಂದಿಗೆ ಉರುಳಿತ್ತು. ಅದಕ್ಕಾಗಿ ಹಲಗೆ ಸರಿಸಿ ಇಳಿದಿದ್ದಳು. ಆ ಮುಷ್ಟಿಯನ್ನು ಬಿಡಿಸಿ ನೋಡುವ ಧೈರ್ಯ ನನಗಾಗಲಿಲ್ಲ. ಹಾಗೆಯೇ ಹಿಡಿದುಕೊಂಡು ಕೂತೆ.

ಸುದ್ದಿ ಮುಟ್ಟಿ ಅವಳ ತಾಯಿ ಭಟ್ಟಿಯಿಂದ ಓಡಿ ಬಂದಳು. ತಲೆಗೂದಲ ಮೇಲೆ ಬೂದಿ ಕೂತಿತ್ತು. ನನಗೆ ಬೈಯುತ್ತಾಳೆ, ಬೈಯಲಿ ಎಂದು ಎದ್ದು ನಿಂತೆ. ಆಕೆ ಬೈಯಲಿಲ್ಲ. ಮಗಳ ತಲೆ ನೇವರಿಸಿ, "ಶನಿವಾರ ಸಾಲಿ ಲಗೂ ಬಿಡ್ತಾರ. ಸಂಜಿಗೆ ಬಂದು ನಾ ಎಲ್ಲಂತ ಹುಡುಕಬೇಕಿತ್ರಿ ಅಕ್ಕೋರ" ಎಂದಳು. ಊರೆಲ್ಲ ಹುಡುಕಿದರೂ ಬೀಗ ಹಾಕಿದ ಶಾಲೆಯೊಳಗೆ ಹುಡುಕುತ್ತಿರಲಿಲ್ಲ. ಪುಸ್ತಕದಲ್ಲಿ ಎಲ್ಲರೂ ಹೊರಗೆ ಹೋಗಿದ್ದಾರೆ ಎಂದು ನಾನೇ ಬರೆದಿಟ್ಟಿದ್ದೆ.

ಎಲ್ಲರೂ ಹೋದ ಮೇಲೆ ಈರಪ್ಪನನ್ನು ಕೇಳಿದೆ. "ನಾನು ಬೀಗ ಹಾಕೂ ಹೊತ್ತಿಗೆ ಮೂವತ್ತೆಂಟು ಅಂತ ಕೂಗಿದವ ನೀನೇನು?"

"ನಾ ಆಗ ಮನ್ಯಾಗ ಇದ್ದೆರಿ. ಅಂಗಡಿ ಮುಚ್ಚಿದಾಗಿಂದ ನಾ ಎಣಿಕಿ ಎತ್ತಿಲ್ರಿ. ಯಾತಕ್ಕ ಎಣಸ್ಲಿ?" ಎಂದ. ಆಮೇಲೆ, "ಹೆಂಗ ಕೂಗಿತು, ಅನ್ರಿ ನೋಡೂಣು" ಎಂದ.

ನಾನು ನಾಚಿಕೆ ಬಿಟ್ಟು ಅಂದು ತೋರಿಸಿದೆ. ಮೇಲಕ್ಕೆ ಎಳೆದು, ನಿಲ್ಲಿಸಿ, ಮೆಲ್ಲಗೆ ಇಳಿಸಿ, ಕೊನೆಗೆ ಬೆರಳಿನಿಂದ ಮೇಜಿನ ಅಂಚು ತಟ್ಟಿದೆ. ಅವನು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಮತ್ತೊಮ್ಮಿ ಅನ್ರಿ."

ಮತ್ತೊಮ್ಮೆ ಅಂದೆ.

"ನಾ ಹಂಗ ಎಳೆಯಂಗಿಲ್ರಿ. ನಂದು ಸಪಾಟು ದನಿ. ಹಂಗ ಎಳದು ಸೇರಿನ ಕಂಠ ತಟ್ಟಾತ ಒಬ್ಬನ. ನಮ್ಮಪ್ಪ."

ಅವನ ಅಪ್ಪ ತೀರಿಕೊಂಡಾಗ ಈರಪ್ಪನಿಗೆ ಇನ್ನೂ ಮದುವೆಯಾಗಿರಲಿಲ್ಲ. ನಾನು ಆಗ ಹಗರಿಬೊಮ್ಮನಹಳ್ಳಿಯ ರೈಲು ಮನೆಯಲ್ಲಿ ಅಆಇಈ ತಿದ್ದುತ್ತಿದ್ದೆ. ಈರಪ್ಪ ಎದ್ದು ನನ್ನ ಕುರ್ಚಿಯನ್ನು ತುಸು ಸರಿಸಿ, ಆ ನುಣುಪು ಕಲ್ಲನ್ನು ಒಮ್ಮೆ ಅಂಗೈಯಿಂದ ಸವರಿ, ಕುರ್ಚಿಯನ್ನು ಮತ್ತೆ ಅಲ್ಲೇ ಇಟ್ಟು ಹೋದ. ಮುಂದೆ ಹದಿನೈದು ವರ್ಷ ಬದುಕಿದ್ದ. ಈ ವಿಷಯವನ್ನು ನಾವಿಬ್ಬರೂ ಮತ್ತೆ ಎತ್ತಲಿಲ್ಲ.

ಓದುವವರಲ್ಲಿ ಲೆಕ್ಕದ ಮನುಷ್ಯರಿರುತ್ತೀರಿ. ನಾನೂ ಅಂಥವಳೇ ಆದ್ದರಿಂದ ನಿಮಗಿಂತ ಮುಂಚೆ ಲೆಕ್ಕ ಹಾಕಿ ನೋಡಿದ್ದೇನೆ. ನನ್ನ ಕಿವಿಗೆ ಆ "ಮೂರು" ಬಿದ್ದಿರಬೇಕು. ಮನಸ್ಸು ತಪ್ಪನ್ನು ಹಿಡಿದುಕೊಂಡಿರಬೇಕು. ಈರಪ್ಪ ಹೇಳಿಕೊಟ್ಟ ಪಾಠವನ್ನೇ ಬಳಸಿ ನನ್ನ ಮನಸ್ಸೇ ನನ್ನನ್ನು ಎಚ್ಚರಿಸಿರಬೇಕು. ನನ್ನ ತಮ್ಮ ವೈದ್ಯ, ಅವನು ಹೇಳುವುದೂ ಇದನ್ನೇ. ಮೂವತ್ತೆಂಟಕ್ಕೆ ಈ ಉತ್ತರ ಸಾಕು. ಆ ಎಳೆತಕ್ಕೆ ಸಾಲದು. ಸೇರಿನ ಕಂಠ ತಟ್ಟಿದ ಸದ್ದಿಗೂ ಸಾಲದು. ನಾನು ಕೇಳಿಯೇ ಇರದ ಒಂದು ದನಿ ನನ್ನ ತಲೆಯೊಳಗೆ ಎಲ್ಲಿಂದ ಬಂದೀತು?

ಸೋಮವಾರವೇ ನಿಂತು ಹಗೇವಿಗೆ ಮರಳು ತುಂಬಿಸಿ ಮೇಲೆ ಗಾರೆ ಹಾಕಿಸಿದೆ. ಈರಪ್ಪನನ್ನೂ ಹಳೆಯ ಇಬ್ಬರು ಹಮಾಲರನ್ನೂ ಕರೆಸಿ ಕಟ್ಟಡದ ಒಂದೊಂದು ಮೂಲೆಯಲ್ಲೂ ಏನಿತ್ತು ಎಂದು ಕೇಳಿ ಬರೆದುಕೊಂಡೆ. ಶಾಲೆ ತರುವ ಮುಂಚೆ ಟೇಪು ಹಿಡಿದು ಅಳೆದಿದ್ದೆವು, ಸುಣ್ಣ ಬಳಿಸಿದ್ದೆವು, ಬೋರ್ಡು ಹಾಕಿದ್ದೆವು. ಅಲ್ಲಿ ಬೆವರು ಸುರಿಸಿದವರನ್ನು ಮಾತ್ರ ಒಂದು ಮಾತು ಕೇಳಿರಲಿಲ್ಲ. ಬಳಪದ ನಿಯಮವನ್ನು ಅಂದೇ ಅಳಿಸಿದೆ. ಒಂದು ಡಬ್ಬಿಯಲ್ಲಿ ಬಳಪ ತುಂಬಿ ಮೇಜಿನ ಮೇಲಿಟ್ಟೆ, ಬೇಕಾದವರು ತೆಗೆದುಕೊಳ್ಳಲಿ ಎಂದು.

ಆ ಕಟ್ಟಡದಲ್ಲಿ ಇನ್ನೂ ಆರು ವರ್ಷ ಶಾಲೆ ನಡೆಯಿತು. ಪ್ರತಿದಿನ ಸಾಲಿನ ಮೊದಲ ಮಗು "ಲಾಭ" ಎಂದೇ ದಿಡ್ಡಿ ದಾಟಿತು. ಒಮ್ಮೆ ತಪಾಸಣೆಗೆ ಬಂದ ಇನ್‌ಸ್ಪೆಕ್ಟರ್ ಇದನ್ನು ಕೇಳಿ ಹುಬ್ಬೇರಿಸಿ, "ಏನ್ರಿ ಮೇಡಂ, ಇದು ಶಾಲೆನೋ ದಲಾಲಿ ಅಂಗಡಿನೋ?" ಎಂದರು. "ಎರಡೂ ಸರ್" ಎಂದೆ. ಅವರು ನಕ್ಕರು. ನಾನು ನಗಲಿಲ್ಲ.

ಆ ದನಿಯನ್ನು ಮತ್ತೆ ಕೇಳಲಿಲ್ಲ. ಕೇಳಬೇಕೆಂದು ಕೆಲವು ಶನಿವಾರ ಬೀಗ ಹಿಡಿದು ಬಾಗಿಲಲ್ಲಿ ನಿಂತದ್ದುಂಟು. ಈಗ ನಿವೃತ್ತಳಾಗಿ ಮನೆಯಲ್ಲಿದ್ದೇನೆ. ಗಡಿಯಾರದಂತೆಯೇ ಏಳುತ್ತೇನೆ, ಮಲಗುತ್ತೇನೆ. ಮಳೆಗಾಲಕ್ಕೆ ಬೇಳೆ ಅಳೆದಿಡುವಾಗ ಲಾಭದಿಂದ ಶುರುಮಾಡುತ್ತೇನೆ. ಕೊನೆಯ ಅಂಕಿ ಬಂದ ಮೇಲೂ ಅದನ್ನು ಕೂಡಲೇ ಬಿಡುವುದಿಲ್ಲ. ಪಾತ್ರೆ ಖಾಲಿಯಾದದ್ದು ಕಣ್ಣಿಗೆ ಕಾಣುತ್ತಿರುತ್ತದೆ. ಆದರೂ ಇನ್ನೊಂದು ಸೇರಿನ ಹೊತ್ತು ಅದೇ ಅಂಕಿಯನ್ನು ಬಾಯಲ್ಲಿ ಹಿಡಿದು ಸುಮ್ಮನೆ ಕಾಯುತ್ತೇನೆ.